ಇಲ್ಲದ ಪಿಕ್ಚರಿನ ಹಾಡು

ನಮ್ಮ ಕಸುಬಿನಲ್ಲಿ ನಿವೃತ್ತಿ ಎಂಬುದಿಲ್ಲ. ಸರ್ಕಾರಿ ನೌಕರನಿಗಾದರೆ ಕೊನೆಯ ದಿನ ಶಾಲು ಹೊದಿಸಿ, ಪೇಟ ಇಟ್ಟು, ನಾಲ್ಕು ಸುಳ್ಳು ಹೊಗಳಿ ಮನೆಗೆ ಕಳಿಸುತ್ತಾರೆ. ವಾದ್ಯ ನುಡಿಸುವವನನ್ನು ಕರೆಯುವುದನ್ನು ಬಿಟ್ಟುಬಿಡುತ್ತಾರೆ, ಅಷ್ಟೇ. ಒಂದು ಗಣೇಶನ ಹಬ್ಬಕ್ಕೆ ಕರೆ ಬರಲಿಲ್ಲ. ಮದುವೆ ಹಂಗಾಮು ಬಂತು, ಆಗಲೂ ಬರಲಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಪಕ್ಕದ ಮನೆಯವರಿಂದ ಒಂದು ಕರೆ ಮಾಡಿಸಿ ನೋಡಿದೆ. ಫೋನು ಚೆನ್ನಾಗಿಯೇ ಇತ್ತು. ಹಾಗೆ ನಾನು ನಿವೃತ್ತನಾದೆ.

ಇದನ್ನು ಬರೆಯಲು ಹೇಳಿದವನು ವಿನಯ್. ಬಳ್ಳಾರಿಯ ಹುಡುಗ, ಕಾಲೇಜು ಮೇಷ್ಟರ ಮಗ, ಮನೆತುಂಬ ದಾಸರ ಪದ ಕೇಳಿ ಬೆಳೆದವನು. ಈಗ ಬ್ಯಾಂಕಿನ ಕೆಲಸ ಮುಗಿಸಿ ಬಂದು ಗಿಟಾರು ಹಿಡಿಯುತ್ತಾನೆ, ತಾನೇ ಹಾಡು ಕಟ್ಟುತ್ತಾನೆ, ತನ್ನನ್ನು 'ಸ್ವತಂತ್ರ ಸಂಗೀತಗಾರ' ಎಂದು ಕರೆದುಕೊಳ್ಳುತ್ತಾನೆ. ಮುಂದಿನ ಕಾರ್ಯಕ್ರಮ ಎಲ್ಲಿ, ಹೊಸ ಹಾಡು ಯಾವಾಗ ಎಂದೆಲ್ಲ ಫೋನಿನಲ್ಲಿ ಬಣ್ಣಬಣ್ಣದ ಚಿತ್ರ ಹಾಕುತ್ತಾನೆ. "ಸರ್, ಈ ಫೀಲ್ಡಿಗೆ ಹೊಸದಾಗಿ ಬರೋರಿಗೆ ನಿಮ್ಮ ಅನುಭವ ಬರದು ಕೊಡ್ರಿ, ಸ್ಫೂರ್ತಿ ಬರಂಗಿರಲಿ" ಎಂದ. ಸ್ಫೂರ್ತಿ ನನ್ನ ಹತ್ತಿರ ಸ್ಟಾಕಿಲ್ಲ. ಇದ್ದದ್ದನ್ನು ಬರೆಯುತ್ತೇನೆ.

ನಾನು ಬಳ್ಳಾರಿ ಪಕ್ಕದ ಕೊಳಗಲ್ಲಿನವನು. ನಮ್ಮಪ್ಪ ಹೊಲದ ಮನುಷ್ಯ. ನಾನು ಭಜನೆಯ ಮನೆಯ ಹಾರ್ಮೋನಿಯಂ ಮುಂದೆ ಕೂತಾಗಲೆಲ್ಲ "ಅದನ್ನ ಒತ್ತಿದ್ರ ಜ್ವಾಳ ಬರ್ತಾವೇನಲೇ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಬರಲಿಲ್ಲ ಎಂಬುದು ನಿಜ. ಆದರೆ ಆ ವಯಸ್ಸಿನಲ್ಲಿ ಅಪ್ಪ ಹೇಳಿದ್ದು ಯಾರ ಕಿವಿಗೆ ಬೀಳುತ್ತದೆ? ಬಳ್ಳಾರಿಗೆ ಬಂದು ಕೌಲ್ ಬಜಾರಿನ ವೆಂಕೋಬಣ್ಣನ ಆರ್ಕೆಸ್ಟ್ರಾ ಸೇರಿದೆ.

ಆರ್ಕೆಸ್ಟ್ರಾದ ಆಫೀಸು ಎಂದರೆ ಒಂದು ಹೊಲಿಗೆ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಸಿಕ್ಕಿಕೊಂಡ ಕೋಣೆ. ಬಾಗಿಲ ಪಕ್ಕ ಒಂದು ಕರಿಹಲಗೆ. ಅದರ ಮೇಲೆ ವೆಂಕೋಬಣ್ಣ ಸೀಮೆಸುಣ್ಣದಲ್ಲಿ ಮುಂದಿನ ಕಾರ್ಯಕ್ರಮಗಳನ್ನು ಬರೆಯುತ್ತಿದ್ದ: ಸಿರುಗುಪ್ಪ ಮದುವೆ, ಕುರುಗೋಡು ಗಣಪ. ಕೆಲಸವೇ ಇಲ್ಲದ ತಿಂಗಳಲ್ಲೂ ಹಲಗೆ ಖಾಲಿ ಬಿಟ್ಟವನಲ್ಲ. ತೋಚಿದ ಊರಿನ ಹೆಸರು ಬರೆದಿಡುತ್ತಿದ್ದ. "ಖಾಲಿ ಹಲಗಿ ನೋಡಿ ಯಾರೂ ಒಳಗ ಬರಂಗಿಲ್ಲೋ, ತುಂಬಿದ ಬಸ್ಸಿಗೇ ಮಂದಿ ಹತ್ತೋದು" ಎನ್ನುತ್ತಿದ್ದ. ನಿನ್ನ ಫೋನಿನಲ್ಲೂ ಅಂಥ ಊರುಗಳಿವೆಯೇನಪ್ಪಾ ಎಂದು ವಿನಯನನ್ನು ಕೇಳಿದೆ. ಅವನು ನಕ್ಕುಬಿಟ್ಟ.

ಸರೋಜಮ್ಮ ನಮ್ಮ ಗಾಯಕಿ. ಕುರುಗೋಡಿನವಳು, ಮೂಗಿನ ಎರಡೂ ಕಡೆ ಮೂಗುಬೊಟ್ಟು. ವೇದಿಕೆಗೆಂದು ಅವಳ ಬಳಿ ಇದ್ದದ್ದು ಒಂದೇ ಒಳ್ಳೆಯ ಸೀರೆ, ಕೆಂಪು ಅಂಚಿನ ಹಳದಿಯದು. ಅವಳ ದನಿಯ ಬಗ್ಗೆ ನಾನು ಹೇಳಹೋದರೆ ಅತಿಯಾಗುತ್ತದೆ. ಮೈಕು ಕೈಕೊಟ್ಟರೂ ಕೊನೆಯ ಸಾಲಿನವರು ಎದ್ದುಹೋಗುತ್ತಿರಲಿಲ್ಲ, ಅಷ್ಟು ಹೇಳಿದರೆ ಸಾಕು. ಆಗ ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲು ಬೇರೆ ಸ್ಪೀಕರ್ ಇಡುವ ಪದ್ಧತಿ ಇರಲಿಲ್ಲ. ಡ್ರಮ್ಮು ಅವಳ ಎಡಕ್ಕೇ ಇರುತ್ತಿತ್ತು. ಹಾಗಾಗಿ ಎಡಗೈಯಿಂದ ಎಡಗಿವಿ ಮುಚ್ಚಿಕೊಂಡು ಹಾಡುತ್ತಿದ್ದಳು. ವೆಂಕೋಬಣ್ಣನಿಗೆ ಅದು ಸೇರದು. "ಏನವ್ವ, ಕಿವಿ ಸೋರ್ತೈತೇನು? ನೋಡಾಕ ಚಂದ ಕಾಣಂಗಿಲ್ಲ, ಕೈ ತಗಿ!" ಎಂದು ಮಂದಿಯ ಮುಂದೆಯೇ ಗದರುತ್ತಿದ್ದ. ಅವಳು ತೆಗೆಯುತ್ತಿದ್ದಳು. ಚರಣ ಶುರುವಾದೊಡನೆ ಕೈ ಮತ್ತೆ ಕಿವಿಗೆ ಹೋಗುತ್ತಿತ್ತು.

ಈಗ ನಾನು ಕಟ್ಟಿದ ಹಾಡಿನ ವಿಷಯ. ಸಿರುಗುಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಮದುವೆ. ಹಿಂದಿನ ದಿನವೇ ಹೋಗಿ ಗಿರಣಿಯಲ್ಲಿ ಮಲಗಿದ್ದೆವು. ತೌಡಿನ ಧೂಳು ಹೊಕ್ಕು ನನ್ನ ಹಾರ್ಮೋನಿಯಮ್ಮಿನ ಒಂದು ಮನೆ, ಅಂದರೆ ಬೆರಳಿಡುವ ಒಂದು ಪಟ್ಟಿ, ಸತ್ತಿತು. ಎಷ್ಟು ಒತ್ತಿದರೂ ಉಸ್ಸೆನ್ನುತ್ತದೆ, ಸ್ವರವಿಲ್ಲ. ರಿಪೇರಿಗೆ ಬಳ್ಳಾರಿಗೇ ಬರಬೇಕು. ಬೆಳಿಗ್ಗೆ ಎಲ್ಲರೂ ಚಹಕ್ಕೆ ಹೋದಾಗ ನಾನು ಆ ಸತ್ತ ಮನೆಯನ್ನು ದಾಟಿ ದಾಟಿ ಬೆರಳಾಡಿಸುತ್ತ ಕೂತೆ. ದಾಟುವ ಜಾಗದಲ್ಲಿ ಒಂದು ಪುಟ್ಟ ನಿಲುಗಡೆ ತಾನಾಗಿ ಹುಟ್ಟಿತು. ಸರೋಜಮ್ಮ ಚಹದ ಲೋಟ ಹಿಡಿದು ಬಂದವಳು ಅದೇ ಜಾಗದಲ್ಲಿ ಸಣ್ಣಗೆ ಉಸಿರೆಳೆದು ದನಿಗೂಡಿಸಿದಳು. "ಇದೇನ್ರಿ ಮಾಸ್ತರ್ರ, ಮೆಟ್ಟಲ ತಪ್ಪಿದಂಗ ಆಗಿ ಮತ್ತ ಹಿಡಕೊಂಡಂಗಾತು" ಎಂದಳು. ಮಧ್ಯಾಹ್ನದೊಳಗೆ ಹಾಡು ಆಯಿತು. 'ಕದ ತೆಗೆದೇ ಇಟ್ಟಿದ್ದೆ, ಗಾಳಿಯೊಂದೇ ಬಂದು ಹೋಯಿತು' ಎಂದು ಪಲ್ಲವಿ. ಅಂದು ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕುರುಗೋಡಿನ ಗಣಪನ ಮುಂದೆ ಮೊದಲ ಸಲ ಹಾಡಿಸಿದೆವು. "ನಮ್ಮ ಮಾಸ್ತರರೇ ಕಟ್ಟಿದ ಹೊಸ ಹಾಡು" ಎಂದು ಸರೋಜಮ್ಮ ಹೇಳಿದಳು. ಪಲ್ಲವಿ ಮುಗಿಯುವುದರೊಳಗೆ ಶಿಳ್ಳೆ, ಕೂಗು. "ಏ ಮಾಸ್ತರ, ಅದನ್ನ ಮನ್ಯಾಗ ಹಾಡ್ಕೋ ಹೋಗು, ಪಿಕ್ಚರ್ ಹಾಡು ಹಚ್ಚಲೇ!" ಯಾರೋ ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಎಸೆದರು, ಅದು ಅವಳ ಸೀರೆಗೆ ಬಿತ್ತು. ಅವಳ ಸ್ವಂತ ಊರು ಅದು. ಎಸೆದವನು ಯಾರೆಂದು ಅವಳಿಗೆ ಗೊತ್ತಿರಲೂಬಹುದು, ಹೇಳಲಿಲ್ಲ.

ಮರುದಿನ ವೆಂಕೋಬಣ್ಣ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ. "ಹಾಡು ಚಲೋ ಐತಲೇ. ಆದ್ರ ನೀ ಕೊಳಗಲ್ಲಿನಾವ. ಕೊಳಗಲ್ಲಿನ್ಯಾಗ ಹಾಡು ಹುಟ್ತಾವ ಅಂದ್ರ ಕೊಳಗಲ್ಲಿನವರೇ ನಂಬಂಗಿಲ್ಲ. ಇದಕ್ಕ ತೆಲುಗು ಮಾತು ಹಾಕು. ಉಳಿದದ್ದು ನನಗ ಬಿಡು." ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅವನು ಆ ಗಿಡವನ್ನು ಪಕ್ಕದೂರಿನ ಸಂತೆಯಿಂದ ತಂದಂತೆ ತೋರಿಸಿದ. 'ತಲುಪು ತೀಸೇ ಉಂಚಾನು, ಗಾಲೇ ವಚ್ಚಿ ಪೋಯಿಂದಿ' ಎಂದು ನಾನು ಬದಲಿಸಿದೆ. ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ? ಮುಂದಿನ ಕಾರ್ಯಕ್ರಮದಲ್ಲಿ ಅವನು ಮೈಕು ಹಿಡಿದು "ಆಂಧ್ರದಾದ್ಯಂತ ಧೂಳೆಬ್ಬಿಸಿದ ಹಳೆಯ ಚಿತ್ರಗೀತೆ!" ಎಂದು ಗುಡುಗಿದ. ಅದೇ ಹಾಡು, ಅದೇ ದನಿ, ಅದೇ ಹಳದಿ ಸೀರೆ. ಜನ ಪಿಟಕ್ಕೆನ್ನದೆ ಕೂತು ಕೇಳಿದರು, ಮುಗಿದ ಮೇಲೆ ಒನ್ಸ್ ಮೋರ್ ಎಂದರು. ಗಡಿಯಾಚೆ ಆಂಧ್ರದ ಹಳ್ಳಿಗಳಿಗೆ ಹೋದಾಗ ಮೊದಲಿನ ಕನ್ನಡ ಮಾತೇ ಇಟ್ಟುಕೊಂಡು "ಕನ್ನಡದ ಹೆಸರಾಂತ ಚಿತ್ರಗೀತೆ" ಎನ್ನುತ್ತಿದ್ದ. ಅಲ್ಲಿಯೂ ಒನ್ಸ್ ಮೋರ್. ಎರಡು ದಡದವರಿಗೂ ಆಚೆ ದಡದ್ದೇ ರುಚಿ. ಆಮೇಲೆ ನನ್ನ ಸ್ವಂತ ಹಾಡುಗಳೆಲ್ಲ ಹೀಗೆಯೇ ಬದುಕಿದವು. ನನಗೆ ಹೊಟ್ಟೆ ಉರಿಯುತ್ತಿತ್ತು, ಆದರೆ ಹಾಡು ಸಾಯುವುದಕ್ಕಿಂತ ಇದು ವಾಸಿ ಎಂದುಕೊಂಡೆ.

ಆ ಪಿಕ್ಚರಿಗೆ ಹೆಸರಿಟ್ಟದ್ದೂ ಸಿರುಗುಪ್ಪದ ಒಂದು ಮದುವೆಯಲ್ಲೇ. ಮದುಮಗನ ಸೋದರಮಾವ ಆಂಧ್ರದ ಕಡೆಯವನು, ಟೂರಿಂಗ್ ಟಾಕೀಸು ನಡೆಸಿದವನು. ಹಾಡು ಮುಗಿದದ್ದೇ ವೇದಿಕೆಯ ಬಳಿ ಬಂದು "ಏ ಪಿಕ್ಚರಯ್ಯಾ ಇದಿ?" ಎಂದು ತೆಲುಗಿನಲ್ಲಿ, ಇದು ಯಾವ ಪಿಕ್ಚರಿನದೆಂದು ಕೇಳಿಯೇಬಿಟ್ಟ. ವೆಂಕೋಬಣ್ಣ ಬೀಡಿ ಸೇದಲು ಹೋಗಿದ್ದ. ಎದುರಿನ ಬಾಗಿಲಿಗೆ ಮಲ್ಲಿಗೆ ಮಾಲೆ ಇಳಿಬಿಟ್ಟಿದ್ದರು. ಅದನ್ನೇ ನೋಡುತ್ತ "ಮಲ್ಲೆಲ ವಾಕಿಲಿ", ಅಂದರೆ ಮಲ್ಲಿಗೆಯ ಬಾಗಿಲು, ಎಂದುಬಿಟ್ಟೆ. ಇನ್ನು ಒದೆ ಬೀಳುತ್ತವೆ ಎಂದು ಕಾದೆ. ಆತ ಸುತ್ತ ನಿಂತ ಬೀಗರನ್ನೊಮ್ಮೆ ನೋಡಿದ. ಟಾಕೀಸಿನವನಾಗಿ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅದೇ ಮತ್ತ! ನಮ್ಮ ಟೆಂಟಿನ್ಯಾಗ ವಾರಗಟ್ಲೆ ಓಡೈತಿ" ಎಂದ. ಅಂದಿನಿಂದ ಮಲ್ಲೆಲ ವಾಕಿಲಿ ಎಂಬ ಪಿಕ್ಚರು ಬಳ್ಳಾರಿ ಸೀಮೆಯಲ್ಲಿ ಇದೆ. ನಾವು ನಗುತ್ತ ನಗುತ್ತ ಮನೆಗೆ ಬಂದೆವು. ಸರೋಜಮ್ಮ ಮಾತ್ರ ಬಸ್ಸಿನಲ್ಲಿ "ಹಂಗಾರ ಇನ್ನ ಮ್ಯಾಲ ಈ ಹಾಡಿನ ಮುಂದ ನಮ್ಮ ಹೆಸರು ಬರಂಗೇ ಇಲ್ಲೇನ್ರಿ?" ಎಂದು ಕೇಳಿದಳು. ನಾನು ತಮಾಷೆ ಮಾಡಿ ಹಾರಿಸಿದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ವೆಂಕೋಬಣ್ಣ ತೀರಿಕೊಂಡ, ಹಲಗೆ ವೆಲ್ಡಿಂಗ್ ಶೆಡ್ಡಿನವರ ಪಾಲಾಯಿತು. ನಾನು, ಸರೋಜಮ್ಮ ಸ್ವಂತವಾಗಿ ಕಾರ್ಯಕ್ರಮ ಹಿಡಿದೆವು. ಹಾಗೆ ನೋಡಿದರೆ ನಾವೂ ಸ್ವತಂತ್ರ ಸಂಗೀತಗಾರರೇ. ಹಾರ್ಮೋನಿಯಂ ಹೋಗಿ ಕೀಬೋರ್ಡು ಬಂತು, ತಬಲಾದವನ ಕೆಲಸ ಅದರ ಒಂದು ಗುಂಡಿಗೆ ಹೋಯಿತು. ಆಮೇಲೆ ಪೆನ್ ಡ್ರೈವ್ ಬಂದು ನನ್ನ ಕೆಲಸವನ್ನೂ ತೆಗೆದುಕೊಂಡಿತು. ನನ್ನ ಕೊನೆಯ ಮದುವೆಯಲ್ಲಿ ಒಬ್ಬ ಹುಡುಗ ಬಂದು, ಕೀಬೋರ್ಡಿನ ವಯರು ಕಿತ್ತು, "ನೀವು ಸುಮ್ನ ಕೈ ಆಡಸ್ರಿ ಅಂಕಲ್, ವಿಡಿಯೋಕ್ಕ ಚಂದ ಕಾಣ್ತೈತಿ" ಎಂದ. ಆಡಿಸಿದೆ. ಅದನ್ನು ನೆನೆದರೆ ಇಂದಿಗೂ ಬೆರಳು ಮಡಚಿಕೊಳ್ಳುತ್ತವೆ. ಸರೋಜಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮಾತಾಡಿದರೆ ಪಿಸುಗುಟ್ಟಿದಂತೆ ಕೇಳುತ್ತದೆ.

ಮೊನ್ನೆ ವಿನಯನ ಫೋನಿನ ಚಿತ್ರವೊಂದನ್ನು ಯಾರೋ ನನಗೆ ಕಳಿಸಿದರು. ಮುಂದಿನ ಕಾರ್ಯಕ್ರಮ ಕುರುಗೋಡಿನಲ್ಲಿ, ಸಂಜೆ. ಅವನ ಹೊಸ ಹಾಡುಗಳ ಜೊತೆಗೆ 'ಮರೆತುಹೋದ ತೆಲುಗು ಚಿತ್ರಗೀತೆಗಳು, ಹೊಸ ರೂಪದಲ್ಲಿ'. ಕೆಳಗೆ 'ಮಲ್ಲೆಲ ವಾಕಿಲಿ ಚಿತ್ರದಿಂದ' ಎಂದಿತ್ತು. ಆಗ ಅವನು ಯಾರು, ಎತ್ತ ಎಂದು ನನಗೆ ಗೊತ್ತಿರಲಿಲ್ಲ. ಮನೆ ಹುಡುಕಿಕೊಂಡು ಹೋದೆ.

ಆ ಹಾಡು ಪಿಕ್ಚರಿನದಲ್ಲ, ನಾನು ಕಟ್ಟಿ ಸರೋಜಮ್ಮ ಹಾಡಿದ್ದು ಎಂದೆ. ಸಿಟ್ಟು ಮಾಡುತ್ತಾನೆಂದುಕೊಂಡಿದ್ದೆ, ಮಾಡಲಿಲ್ಲ. "ಸಣ್ಣವನಿದ್ದಾಗ ಒಂದು ಮದುವ್ಯಾಗ ಕೇಳಿದ್ದೆ ಸರ್, ತಲಿಯಾಗ ಕುಂತುಬಿಟ್ಟೈತಿ. ಇಂಟರ್‌ನೆಟ್‌ನ್ಯಾಗ ಎಷ್ಟು ಹುಡುಕಿದ್ರೂ ಆ ಪಿಕ್ಚರ್ ಸಿಗಲಿಲ್ಲ. ಬಾಳ ಅಪರೂಪದ್ದಿರಬೇಕು" ಎಂದ. ಸಿಗದೇ ಇದ್ದದ್ದೇ ಆ ಪಿಕ್ಚರಿನ ಬೆಲೆ ಹೆಚ್ಚಿಸಿತ್ತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಡಿನ ಮಧ್ಯ ಒಂದು ಸ್ವರ ಬಿಟ್ಟು ಹಾರ್ತೈತಲ್ರಿ, ಅದ್ಯಾಕೋ ಗೊತ್ತಾಗಿಲ್ಲ" ಎಂದೂ ಹೇಳಿದ. ಅವನನ್ನು ನನ್ನ ಮನೆಗೆ ಕರೆತಂದು ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ಅದರ ಸತ್ತ ಮನೆಯನ್ನು ನಾನು ರಿಪೇರಿ ಮಾಡಿಸಲೇ ಇಲ್ಲ. ಅವನು ಒತ್ತಿದ. ಉಸ್ಸೆಂದಿತು. ಮತ್ತೆ ಒತ್ತಿದ. ಅವನು ನಂಬಿದ. ವೇದಿಕೆಯ ಮೇಲೆ ಇಬ್ಬರ ಹೆಸರನ್ನೂ ಹೇಳಿಯೇ ಹಾಡುತ್ತೇನೆ ಎಂದು ಮಾತು ಕೊಟ್ಟ. ಹುಡುಗ ಒಳ್ಳೆಯವನು, ಅದರಲ್ಲಿ ಅನುಮಾನವಿಲ್ಲ.

ಕುರುಗೋಡಿಗೆ ಹೋಗಿ ಸರೋಜಮ್ಮನಿಗೆ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. ಅವಳ ಮನೆಯಲ್ಲಿ ಯಾರಿಗೂ ಅವಳು ಏನು ಹಾಡಿದ್ದಳೆಂದು ಗೊತ್ತಿಲ್ಲ. ಸೊಸೆ ನನಗೆ ಚಹ ಕೊಡುತ್ತ "ನಮ್ಮತ್ತಿ ಹಿಂದ ನಿಂತು ಆ ಆ ಅಂತಿದ್ರಂತಲ್ರಿ?" ಎಂದು ನಗುತ್ತ ಕೇಳಿದಳು. ಬಾಗಿಲವರೆಗೆ ಕಳಿಸಲು ಬಂದಾಗ ಸರೋಜಮ್ಮ ಪಿಸುಗುಟ್ಟಿದಳು: "ಮಾಸ್ತರ್ರ, ನನಗ ಬ್ಯಾರೇನೂ ಬ್ಯಾಡ. ನಾ ಹೋಗೂದರೊಳಗ ಒಮ್ಮಿ, ನನ್ನ ಊರಾಗ, ಮೈಕಿನ್ಯಾಗ ಆ ಹಾಡಿನ ಮುಂದ ನನ್ನ ಹೆಸರು ಕೇಳಬೇಕು. ನನ್ನ ಸೊಸಿ ಪಕ್ಕದಾಗ ಕುಂತಿರಬೇಕು."

ಕಾರ್ಯಕ್ರಮಕ್ಕೆ ಜನ ಚೆನ್ನಾಗಿಯೇ ಸೇರಿದ್ದರು. ಮುಂದಿನ ಸಾಲಿನಲ್ಲಿ ನಾನು, ಸರೋಜಮ್ಮ, ಅವಳ ಸೊಸೆ. ವಿನಯ್ ತನ್ನ ಹೊಸ ಹಾಡುಗಳನ್ನು ಹಾಡಿದ. ಜನ ಫೋನು ನೋಡುತ್ತ ಕೇಳಿದರು, ಪೊಟ್ಟಣ ಎಸೆಯಲಿಲ್ಲ. ಅಷ್ಟರಮಟ್ಟಿಗೆ ಕಾಲ ಸುಧಾರಿಸಿದೆ. ಆಮೇಲೆ ಮಾತು ಕೊಟ್ಟಂತೆ ಹೇಳಿದ: "ಮುಂದಿನ ಹಾಡು ಪಿಕ್ಚರಿಂದಲ್ಲ. ನಮ್ಮ ಕೊಳಗಲ್ಲಿನ ಮಾಸ್ತರ್ರು ಕಟ್ಟಿದ್ದು. ಹಾಡಿದವರು ಇದೇ ಊರಿನ ಸರೋಜಮ್ಮನವರು. ಇಲ್ಲೇ ಅದಾರ."

ಸೊಸೆ ತಿರುಗಿ ಅತ್ತೆಯ ಮುಖ ನೋಡಿದಳು. ಆ ಒಂದು ಗಳಿಗೆ ಎಲ್ಲ ಸರಿಯಾಯಿತು ಎಂದು ನನಗೂ ಅನಿಸಿತು.

ಹಿಂದಿನಿಂದ ಒಬ್ಬ ಮುದುಕ ಎದ್ದ. ತಲೆಗೆ ಪಟಗ ಸುತ್ತಿದ, ಕಟ್ಟುಮಸ್ತಾದ ಒಕ್ಕಲಿನ ಮನುಷ್ಯ. "ಏಯ್ ತಮ್ಮಾ, ಸುಳ್ಳು ಯಾಕ ಹೇಳ್ತಿ? ಅದು ಮಲ್ಲೆಲ ವಾಕಿಲಿ ಪಿಕ್ಚರಿಂದು. ನಾ ನೋಡೀನಿ!"

"ಹೌದು, ನಮ್ಮಪ್ಪನೂ ಹೇಳ್ತಿದ್ದ" ಎಂದ ಇನ್ನೊಬ್ಬ. "ನಮ್ಮ ಮದುವ್ಯಾಗ ಆರ್ಕೆಸ್ಟ್ರಾದವ್ರು ಮೈಕಿನ್ಯಾಗೇ ಹೇಳಿದ್ರಲ್ಲ" ಎಂದಿತು ಒಂದು ಹೆಣ್ಣುದನಿ. ವಿನಯ್ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ. ನಾನು ವೇದಿಕೆ ಹತ್ತಿ ಮೈಕು ಇಸಿದುಕೊಂಡೆ. ಆ ಹೆಸರಿನ ಪಿಕ್ಚರೇ ಇಲ್ಲ, ನಾನೇ ಇಟ್ಟ ಹೆಸರದು, ನೀವು ಕೇಳಲಿ ಎಂದು ಹಾಗೆ ಹೇಳುತ್ತಿದ್ದೆವು ಎಂದೆ.

ಒಬ್ಬ ಹುಡುಗ ಕೂಗಿದ: "ಅಂದ್ರ ಆವಾಗ ಸುಳ್ಳು ಹೇಳಿದ್ರೋ, ಈಗ ಹೇಳಾಕ ಹತ್ತೀರೋ?"

ಇಡೀ ಸಭೆ ನಕ್ಕಿತು. ಕೆಟ್ಟ ನಗೆಯೇನಲ್ಲ, ಬಾಯಿತುಂಬ ನಕ್ಕರು. ನಾನು ಮೈಕು ವಿನಯನ ಕೈಗಿಟ್ಟು ಇಳಿದು ಬಂದು ಸರೋಜಮ್ಮನ ಪಕ್ಕ ಕೂತೆ. "ಇರಲಿ ಬಿಡ್ರಿ, ಯಾರದಾದ್ರೂ ಹಾಡು ಹಾಡೇ" ಎಂದು ವಿನಯ್ ಸಮಾಧಾನ ಮಾಡಿ ಗಿಟಾರು ಎತ್ತಿಕೊಂಡ. ಸೊಸೆ ತಲೆ ತಗ್ಗಿಸಿ "ಏಳ್ರಿ ಅತ್ತಿ, ಮಂದಿ ನೋಡಾಕ ಹತ್ಯಾರ. ಆಟೋ ಕರೀತೀನಿ" ಎಂದು ಎದ್ದು ಹೊರಗೆ ಹೋದಳು. ಸರೋಜಮ್ಮ ಹಾಡು ಮುಗಿಯುವವರೆಗೆ ಕೂತಳು. ವಿನಯ್ ಚೆನ್ನಾಗಿ ಹಾಡಿದ. ಆ ನಿಲುಗಡೆಯಲ್ಲಿ ಮಾತ್ರ ಅವನು ಉಸಿರೆಳೆಯಲಿಲ್ಲ. ನನ್ನ ಪಕ್ಕದಲ್ಲಿ ಎಳೆದ ಸದ್ದು ಕೇಳಿಸಿತು.

ಹೊಸದಾಗಿ ಬರುವವರಿಗೆ ನನ್ನಿಂದ ಏನಾದರೂ ಬೇಕಿದ್ದರೆ ಇಷ್ಟೇ ಹೇಳಬಲ್ಲೆ. ಪೊಟ್ಟಣ ಬಿದ್ದರೆ ಬೀಳಲಿ, ಹಾಡಿನ ಮುಂದೆ ನಿಮ್ಮ ಹೆಸರು ಹೇಳಿ. ಆಮೇಲೆ ಹೇಳಿದರಾಯಿತು ಎಂದು ಬಿಡಬೇಡಿ. ಮಂದಿಗೆ ಒಮ್ಮೆ ರುಚಿ ಹತ್ತಿದ ಸುಳ್ಳನ್ನು ಹೇಳಿದವನೇ ಬಂದು ಬೇಡಿದರೂ ವಾಪಸು ಕೊಡುವುದಿಲ್ಲ.

ಅಂದು ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಬಳಿ ಆ ಮುದುಕ ಚಪ್ಪಲಿ ಹುಡುಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸರೋಜಮ್ಮ ನನ್ನ ಜೊತೆಗೇ ಇದ್ದಳು. "ಏನ್ರಿ ಯಜಮಾನ್ರ, ಆ ಪಿಕ್ಚರಿನ್ಯಾಗ ಏನು ನೋಡೀರಿ ಹೇಳ್ರಿ ನೋಡೋಣ" ಎಂದು ಜಗಳಕ್ಕೇ ನಿಂತೆ.

ಅವನು ಸಿಟ್ಟಾಗಲಿಲ್ಲ. ಅವನ ಮುಖ ಮೆತ್ತಗಾಯಿತು. "ಕತಿ ಮರತೈತಪ. ಆದ್ರ ಆ ಹಾಡು ಕಣ್ಣಿಗೆ ಕಟ್ಟಿದಂಗೈತಿ. ಹೀರೋಯಿನ್ ಹಳದಿ ಸೀರಿ ಉಟ್ಟಿದ್ಲು, ಕೆಂಪು ಅಂಚು. ಎರಡೂ ಕಡಿ ಮೂಗುಬೊಟ್ಟು. ಹಾಡುವಾಗ ಹಿಂಗ, ಎಡಗೈಲಿಂದ ಕಿವಿ ಮುಚಗೊಂತಿದ್ಲು." ಅವನು ತನ್ನ ಕೈಯನ್ನು ಕಿವಿಗೆ ಇಟ್ಟು ತೋರಿಸಿದ. "ಯಾಕೋ ಗೊತ್ತಿಲ್ಲ, ಅದನ್ನ ನೋಡಿ ನನಗ ಅಳು ಬಂದಿತ್ತು."

ಸರೋಜಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಗೇಟಿನ ದೀಪ ಅವಳ ಮುಖದ ಮೇಲೇ ಇತ್ತು, ಮೂಗುಬೊಟ್ಟು ಎರಡೂ ಹೊಳೆಯುತ್ತಿದ್ದವು. "ಹೆಂಗ ಹಾಡಿದ್ಲು ಆಕಿ?" ಎಂದು ಪಿಸುಗುಟ್ಟಿದಳು.

ಮುದುಕ ಅವಳನ್ನು ನೆಟ್ಟಗೆ ನೋಡಿದ. "ಅಂಥಾ ದನಿ ನಾ ಮತ್ತ ಕೇಳಲಿಲ್ಲವ್ವ" ಎಂದ. ಆಮೇಲೆ ಅವಳ ಒಡೆದ ದನಿ ಕೇಳಿ ಕನಿಕರವಾಯಿತೇನೋ, "ಗಂಟಲಕ್ಕ ಜೇನುತುಪ್ಪ ತಗೋವ್ವ, ಥಂಡಿ ಆಗಿರಬೇಕು" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಅವನ ಹಿಂದೆ ಓಡಿ ಹೇಳುವವನಿದ್ದೆ. ಸರೋಜಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಷ್ಟರಲ್ಲಿ ಸೊಸೆ ಆಟೋದಿಂದ ಕರೆದಳು: "ಯಾರತ್ತಿ ಅವ್ರು? ಏನಂದ್ರು?"

"ಯಾರೋ" ಎಂದಳು ಸರೋಜಮ್ಮ ಆಟೋ ಹತ್ತುತ್ತ. "ಪಿಕ್ಚರ್ ನೋಡಿದವರಂತ."